ಬಿಸಿಲಿನ ಪುಡಿ

ಬಿಸಿಲಿಗೆ ಬೆನ್ನು ಕೊಟ್ಟು ನಿಂತ ಮುದುಕರನ್ನು ಕಂಡರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಪಾಪ, ಅವರು ನನಗೇನೂ ಮಾಡಿರುವುದಿಲ್ಲ. ಡೊಂಬಿವಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಗಾರ್ಡನ್ ಉಂಟು. ಅಲ್ಲಿ ನಾಲ್ಕಾರು ಜನ ಬನಿಯನ್ನಿನಲ್ಲಿ ನಿಂತು ಕೈ ಬೀಸುತ್ತಿರುತ್ತಾರೆ. "ಕಾಕಾ, ಪುಡಿಯನ್ನೂ ತಗೊಳ್ತೀರಾ? ಯಾವಾಗ ಯಾವಾಗ ತಗೊಳ್ತೀರಿ?" ಎಂದು ಹೋಗಿ ಕೇಳಿಬಿಡಬೇಕು ಅನಿಸುತ್ತದೆ. ಕೇಳಿದರೆ ಈ ಹೆಂಗಸಿಗೆ ಎಲ್ಲೋ ತಲೆ ಕೆಟ್ಟಿದೆ ಅಂದುಕೊಂಡಾರು. ಬಾಯಿ ಮುಚ್ಚಿಕೊಂಡು ಲೋಕಲ್ ಹಿಡಿಯಲು ಓಡುತ್ತೇನೆ.

ನಾನು ಹುಟ್ಟಾ ಪುಕ್ಕಲಿ, ಮೊದಲೇ ಹೇಳಿಬಿಡುತ್ತೇನೆ. ಲಿಫ್ಟಿಗೆ ಹೆದರುತ್ತೇನೆ, ಗೊತ್ತಿಲ್ಲದ ನಂಬರಿನ ಫೋನಿಗೆ ಹೆದರುತ್ತೇನೆ, ಎಲ್ಲಕ್ಕಿಂತ ಹೆಚ್ಚು ಮರೆವಿಗೆ ಹೆದರುತ್ತೇನೆ. ನನ್ನ ಅಮ್ಮ ಕಲ್ಯಾಣದ ಮನೆಯಲ್ಲಿ ಕೊನೆಯ ಕೆಲವು ವರ್ಷ ನನ್ನನ್ನು ಯಾರೋ ಕೆಲಸದವಳೆಂದೇ ತಿಳಿದು ಕಳೆದಳು. ಅಂದಿನಿಂದ ಬೀಗದ ಕೈ ಎಲ್ಲಿಟ್ಟೆ ಎಂದು ಒಂದು ಗಳಿಗೆ ನೆನಪಾಗದಿದ್ದರೂ ನನ್ನ ಕೈಕಾಲು ತಣ್ಣಗಾಗುತ್ತದೆ. ಮದುವೆಯಾಗಲಿಲ್ಲ, ಒಂಟಿ ಜೀವ. ನನಗೆ ಮರೆವು ಶುರುವಾದರೆ, ಶುರುವಾಗಿದೆ ಮಾರಾಯ್ತಿ ಎಂದು ಹೇಳುವವರಾದರೂ ಯಾರು?

ಹಾಗೆ ಹೇಳಬಹುದಾದವರು ಒಬ್ಬರು ಎದುರು ಮನೆಯಲ್ಲಿದ್ದರು. ಅವರ ಹೆಸರು ಬರೆಯುವುದಿಲ್ಲ. ಅವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಹೆಂಡತಿ ಈಗ ಐರೋಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ಕೈಗೆ ಸಿಕ್ಕಿದ ಕನ್ನಡವನ್ನೆಲ್ಲ ಓದುತ್ತಾರೆ, ಇದು ಅವರ ಕಣ್ಣಿಗೆ ಬಿದ್ದರೆ ನನಗೆ ಬೈಗುಳ ಖಂಡಿತ. ಬಿಲ್ಡಿಂಗಿನಲ್ಲಿ ಎಲ್ಲರಿಗೂ ಅವರು ಅಣ್ಣ. ಮರಾಠಿಯವರಿಗೂ ಅಣ್ಣ, ಗುಜರಾತಿಯವರಿಗೂ ಅಣ್ಣ, ವಾಚ್‌ಮನ್ನಿಗೂ ಅಣ್ಣ. ಹೆಂಡತಿ ನನಗೆ ಅಕ್ಕ.

ಅಣ್ಣ ಉಡುಪಿ ಕಡೆಯವರು. ಮೀಸೆ ಮೂಡುವ ಮೊದಲೇ ಈ ಕಡೆ ಬಂದು, ಉಲ್ಹಾಸನಗರದ ಮಾರ್ಕೆಟಿನೊಳಗಿನ ಒಂದು ಹೋಟೆಲಿನ ಅಡುಗೆಮನೆಯಲ್ಲೇ ಆಯುಷ್ಯ ಕಳೆದವರು. ಕಪ್ಪು ಬಸಿ ತೊಳೆದು, ಹಿಟ್ಟು ರುಬ್ಬಿ, ದೋಸೆ ಹೊಯ್ದು, ಕಡೆಗೆ ಭಟ್ಟಿಯ ದೊಡ್ಡ ಒಲೆಯ ಮುಂದೆ ನಿಂತು ಇಡೀ ಅಡುಗೆಯ ಯಜಮಾನಿಕೆ ವಹಿಸಿಕೊಂಡರು. ಆ ಹೋಟೆಲನ್ನು ನಾನು ನೋಡಿದ್ದೇನೆ. ಮುಂದೆ ಗಲ್ಲಾ, ನಡುವೆ ಟೇಬಲ್ಲುಗಳು, ಹಿಂದೆ ಗುಹೆಯ ಹಾಗಿನ ಅಡುಗೆಮನೆ. ಒಂದು ಕಿಟಕಿ ಬೇಡವೇ? ಇರಲಿಲ್ಲ. ಬೆಳಕು ಹರಿಯುವ ಮೊದಲೇ ಡೊಂಬಿವಲಿಯಲ್ಲಿ ಟ್ರೇನು ಹತ್ತುತ್ತಿದ್ದರು, ದೀಪ ಹಚ್ಚಿದ ಮೇಲೆ ವಾಪಸು ಬರುತ್ತಿದ್ದರು. "ಸೂರ್ಯನನ್ನು ನಾನು ಕ್ಯಾಲೆಂಡರಿನಲ್ಲಿ ನೋಡಿದ್ದು" ಎಂದು ನಗುತ್ತಿದ್ದರು. ನಗುವಾಗ ಶಬ್ದವೇ ಬರುತ್ತಿರಲಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತಿತ್ತು.

ಅವರ ಅಭ್ಯಾಸಗಳೇ ಬೇರೆ. ಅವರು ಕೂತದ್ದೇ ಕಡಿಮೆ, ಕೂತು ಉಂಡದ್ದನ್ನಂತೂ ನಾನು ಕಂಡಿಲ್ಲ. ತಟ್ಟೆ ಎಡಗೈಯಲ್ಲಿ, ಸೊಂಟ ಕಟ್ಟೆಗೆ ಒರಗಿಸಿ, ಐದು ನಿಮಿಷದಲ್ಲಿ ಊಟ ಮುಗಿಯಿತು. ಯಾರ ಮನೆಗೆ ಹೋದರೂ ಮೊದಲು ಅಂಗೈಯಿಂದ ಟೇಬಲ್ ಒರೆಸುತ್ತಿದ್ದರು. ಸಾರಿನ ಒಂದು ಹನಿಯನ್ನು ಮುಂಗೈ ಮೇಲೆ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಉಪ್ಪು ಇನ್ನೂ ನಿದ್ದೆಯಲ್ಲುಂಟು" ಅನ್ನುವರು. ಏನು ಕೇಳಿದರೂ ಅವರ ಉತ್ತರ ಒಂದೇ: "ಬರ್ತದೆ, ಬರ್ತದೆ." ನೀರು ಬರ್ತದಾ ಅಣ್ಣ? ಬರ್ತದೆ, ಬರ್ತದೆ. ಮಗಳಿಗೆ ಒಳ್ಳೆ ಸಂಬಂಧ ಬಂತಾ? ಬರ್ತದೆ, ಬರ್ತದೆ. ನನ್ನ ಬಡ್ತಿಯ ವಿಷಯಕ್ಕೂ ಅದನ್ನೇ ಹೇಳಿದ್ದರು, ಅದು ಮಾತ್ರ ಇವತ್ತಿಗೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ನನಗೆ ಅವರ ಮನೆಯಿಂದ ಬಾದಾಮಿ ಹಾಲು. ಇದು ಕಟ್ಟಳೆ. ಹೋಟೆಲು ಮುಚ್ಚಿ ಅವರು ಮನೆಯಲ್ಲಿ ಕೂತ ಮೇಲೆ ಶುರುವಾದದ್ದು. ಒಬ್ಬರಿಗೆ ಬಡಿಸದಿದ್ದರೆ ಅವರ ಕೈಗೆ ನೆಮ್ಮದಿಯಿಲ್ಲ. ಲೋಟ ಕೈಗೆ ಕೊಟ್ಟು, ಕೊನೆಯ ಗುಟುಕಿನವರೆಗೆ ಎದುರಿಗೇ ನಿಂತಿರುವರು. "ಸುಮತೀ, ಅಡಿಯಲ್ಲಿ ಬಿಡ್ಬಾರ್ದು. ಸತ್ತ್ವ ಎಲ್ಲ ಅಡಿಯಲ್ಲೇ ಇರುವುದು."

ನಿವೃತ್ತರಾದ ವರ್ಷವೇ ಅವರಿಗೆ ಮೈಕೈ ನೋವು ಶುರುವಾಯಿತು. ಸೊಂಟ, ತೊಡೆ, ಮೆಟ್ಟಿಲು ಹತ್ತುವಾಗ ಕಾಲಿನಲ್ಲಿ ಬಲವೇ ಇಲ್ಲ. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದರು. ನಮ್ಮ ಓಣಿಯ ಡಾಕ್ಟರು ರಕ್ತ ತೆಗೆಸಿ ನೋಡಿದರೆ ವಿಟಮಿನ್ ಡಿ ತಳ ಹಿಡಿದಿದೆ. "ಅಣ್ಣಾ, ನೀವು ನಲವತ್ತು ವರ್ಷ ಎಲ್ಲಿ ಅಡಗಿ ಕೂತಿದ್ದಿರಿ?" ಎಂದು ಡಾಕ್ಟರು ತಮಾಷೆ ಮಾಡಿದರು. ಬಿಸಿಲಿಗೆ ಕೂರಿ ಎಂದರು, ಹಾಲಿಗೆ ಬೆರೆಸುವ ಪುಡಿಯ ಪೊಟ್ಟಣ ಬರೆದುಕೊಟ್ಟರು. ವಾರಕ್ಕೆ ಒಂದೇ ಒಂದು, ಕೆಲವು ವಾರ ಮಾತ್ರ, ಆಮೇಲೆ ಬಂದು ತೋರಿಸಿ.

ಬಿಸಿಲಿಗೆ ಕೂರಿ ಎಂದು ಹೇಳುವುದು ಸುಲಭ. ಡೊಂಬಿವಲಿಯಲ್ಲಿ ಬಿಸಿಲು ಯಾರಪ್ಪನದು? ಎದುರಿನ ಬಿಲ್ಡಿಂಗಿನವರು ಕೈ ಚಾಚಿದರೆ ನಮ್ಮ ಗ್ರಿಲ್ಲು ಸಿಗುತ್ತದೆ. ಟೆರೇಸಿಗೆ ಸೊಸೈಟಿಯ ಬೀಗ, ಹುಡುಗರು ಹೋಗಿ ಸಿಗರೇಟು ಸೇದುತ್ತಾರೆಂದು. ಹತ್ತೂವರೆಯ ಹೊತ್ತಿಗೆ ಪಾರ್ಕಿಂಗಿನಲ್ಲಿ ಸ್ಕೂಟರುಗಳ ನಡುವೆ ಒಂದು ಚಾಪೆಯಷ್ಟು ಬಿಸಿಲು ಬಿದ್ದು, ನೋಡನೋಡುತ್ತಿದ್ದಂತೆ ಗೋಡೆ ಹತ್ತಿ ಹೋಗುತ್ತದೆ. ಅಣ್ಣ ಅಲ್ಲಿಗೆ ಹೋಗಿ ಅಂಗಿ ಬಿಚ್ಚಿ, ಲುಂಗಿ ಎತ್ತಿ ಕಟ್ಟಿ, ದೋಸೆಯ ಹಾಗೆ ತಿರುವಿ ತಿರುವಿ ಮೈ ಕಾಯಿಸಿಕೊಂಡರು. ಮೂರನೆಯ ದಿನ ಸೆಕ್ರೆಟರಿ ಬಂದು, "ಅಣ್ಣಾ, ಶರ್ಟ್ ಘಾಲಾ ನಾ, ಲೇಡೀಸ್ ಲೋಗ್ ಬೋಲತಾತ್" ಎಂದ, ಅಂಗಿ ಹಾಕಿಕೊಳ್ಳಿ, ಹೆಂಗಸರು ಆಡಿಕೊಳ್ಳುತ್ತಾರೆ ಎಂದು. ಅಣ್ಣನಿಗೆ ಎಷ್ಟು ನಾಚಿಕೆಯಾಯಿತೆಂದರೆ ಆಮೇಲೆ ಪಾರ್ಕಿಂಗಿನ ಕಡೆ ತಲೆ ಹಾಕಲಿಲ್ಲ. ಉಳಿದದ್ದು ಪುಡಿ. ಅದಕ್ಕೆ ಮನೆಯಲ್ಲಿ 'ಬಿಸಿಲಿನ ಪುಡಿ' ಎಂದು ಹೆಸರಾಯಿತು.

ಪುಡಿ ಹಿಡಿಯಿತು. ಎರಡು ತಿಂಗಳಲ್ಲಿ ಅಣ್ಣ ಮೆಟ್ಟಿಲನ್ನು ಹುಡುಗರ ಹಾಗೆ ಹತ್ತತೊಡಗಿದರು. ನಾನೂ ಖುಷಿಪಟ್ಟೆ. ಆಗಲೇ ಅವರ ಫೋನಿಗೆ ಯಾರೋ ಒಂದು ವಿಡಿಯೊ ಕಳಿಸಿದ್ದು. ಕೋಟು ಹಾಕಿದ ಒಬ್ಬ ಹಿಂದಿಯಲ್ಲಿ ಹೇಳುತ್ತಾನೆ: ಡಿ ಬರೀ ಮೂಳೆಗಲ್ಲ, ಮೆದುಳಿಗೂ ಬೇಕು, ಡಿ ಇಲ್ಲದವರಿಗೆ ಮರೆವು ಬರುತ್ತದೆ. ಅಣ್ಣ ಅದನ್ನು ನನಗೆ ತೋರಿಸಿದರು. ತೋರಿಸುವಾಗ ನಗುತ್ತಿರಲಿಲ್ಲ.

"ಸುಮತೀ, ನಿನ್ನ ಅಮ್ಮನಿಗೆ ಡಿ ನೋಡಿದ್ದರಾ?"

"ಇಲ್ಲ ಅಣ್ಣ. ಆಗೆಲ್ಲ ಯಾರು ನೋಡ್ತಿದ್ರು?"

"ನನಗೆ ಮೊನ್ನೆ ರಸಂ ಪುಡಿಗೆ ಮೆಂತೆ ಎಷ್ಟು ಹಾಕುವುದು ಅಂತ ನೆನಪಾಗ್ಲಿಲ್ಲ. ಅಕ್ಕನಿಗೆ ಹೇಳ್ಬೇಡ." ಫೋನು ಮಗುಚಿಟ್ಟು, "ಕಾಲು ಹೋಗ್ಲಿ, ಕಣ್ಣು ಹೋಗ್ಲಿ, ಅಡ್ಡಿಯಿಲ್ಲ. ತಲೆ ಹೋಗ್ಬಾರ್ದು ಮಾರಾಯ್ತಿ. ಕಲ್ಯಾಣಕ್ಕೆ ನೋಡ್ಲಿಕ್ಕೆ ಬಂದಾಗ ನಿನ್ನ ಅಮ್ಮ ಅಡುಗೆಮನೆಯಲ್ಲಿ ನಿಂತು ಅಡುಗೆಮನೆ ಎಲ್ಲಿ ಅಂತ ಕೇಳ್ತಿದ್ರಲ್ಲ, ನಾನು ಅವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ" ಎಂದರು.

ಅಲ್ಲಿಯವರೆಗೆ ಹೆದರುವುದು ನನ್ನೊಬ್ಬಳ ಗುತ್ತಿಗೆ ಅಂದುಕೊಂಡಿದ್ದೆ. ಭಟ್ಟಿಯ ಮುಂದೆ ಅಷ್ಟು ವರ್ಷ ನಿಂತ ಮನುಷ್ಯನೂ ಹೆದರುತ್ತಾನೆಂದು ಅವತ್ತು ಗೊತ್ತಾಯಿತು. "ಬರ್ತದೆ, ಬರ್ತದೆ, ನೆನಪು ಬರ್ತದೆ" ಎಂದು ಅವರ ಮಾತನ್ನೇ ಅವರಿಗೆ ಹೇಳಿ ಎದ್ದುಬಂದೆ.

ಆಮೇಲಿನ ಚಳಿಗಾಲದಲ್ಲಿ ಎಲ್ಲ ತಿರುವುಮುರುವಾಯಿತು. ಅಣ್ಣನಿಗೆ ಬಾಯಾರಿಕೆ. ತಂಬಿಗೆ ತಂಬಿಗೆ ನೀರು ಕುಡಿಯುವುದು, ಹತ್ತು ಸಲ ಬಚ್ಚಲಿಗೆ ಹೋಗುವುದು. ಊಟ ಸೇರದು, ಹೊಟ್ಟೆ ಕಟ್ಟಿಕೊಂಡಿದೆ. ಹಗಲೆಲ್ಲ ತೂಕಡಿಕೆ. ಮಾತಿನ ನಡುವೆ ನಿಂತುಬಿಡುವರು, ಯಾರೋ ಸ್ವಿಚ್ ಆಫ್ ಮಾಡಿದ ಹಾಗೆ. ವಾಚ್‌ಮನ್ನನ್ನು ಮ್ಯಾನೇಜರೇ ಎಂದು ಕರೆದರು. ಅಕ್ಕ ನಗಾಡಿದರು, "ಇವರಿಗೆ ಇನ್ನೂ ಹೋಟೆಲ್ ಬಿಟ್ಟಿಲ್ಲ ನೋಡು." ನಾನು ನಗಲಿಲ್ಲ. ನಿಂತಲ್ಲೇ ನಿಲ್ಲುವ ಆ ಕಣ್ಣು ನಾನು ಕಲ್ಯಾಣದ ಮನೆಯಲ್ಲಿ ಕಂಡದ್ದು.

ಒಂದು ಶನಿವಾರ ಬೆಳಿಗ್ಗೆ ಮೆಟ್ಟಿಲಲ್ಲೆಲ್ಲ ಏನೋ ವಾಸನೆ. ಡೊಂಬಿವಲಿಯವರಿಗೆ ವಾಸನೆ ಹೊಸದಲ್ಲ. ಕೆಮಿಕಲ್ ಫ್ಯಾಕ್ಟರಿಗಳ ಕಡೆಯಿಂದ ಗಾಳಿ ಬೀಸಿದರೆ ಕೊಳೆತ ಮೊಟ್ಟೆ, ಪೇಂಟು, ಏನೇನೋ ನಾರುತ್ತದೆ, ಕಿಟಕಿ ಹಾಕಿಕೊಂಡು ಸುಮ್ಮನಿರುತ್ತೇವೆ. ಅವತ್ತೂ ಎಲ್ಲರೂ ಕಿಟಕಿ ಹಾಕಿಕೊಂಡರು. ನನಗೆ ಮಾತ್ರ ಪುಕ್ಕಲುತನದಿಂದ ಕೂರಲಾಗಲಿಲ್ಲ. ಎದುರು ಮನೆಯ ಬಾಗಿಲು ದೂಡಿದರೆ ಅಕ್ಕ ದೇವರ ಮುಂದೆ ಕೂತಿದ್ದಾರೆ, ಊದುಬತ್ತಿಗೆ ಕಡ್ಡಿ ಗೀರಲು ಪೆಟ್ಟಿಗೆ ಕೈಯಲ್ಲಿದೆ. ಅಣ್ಣ ಗ್ಯಾಸಿನ ಒಲೆಯ ಎದುರು ನಿಂತಿದ್ದಾರೆ, ಎರಡೂ ಗುಂಡಿ ಪೂರ್ತಿ ತಿರುಗಿಸಿದೆ, ಬೆಂಕಿ ಇಲ್ಲ. ಖಾಲಿ ಒಲೆಯ ಮೇಲೆ ಕೈಯಾಡಿಸುತ್ತ, "ಭಟ್ಟಿ ಹಿಡಿಯುವುದಿಲ್ಲ ಮಾರಾಯ" ಎನ್ನುತ್ತಿದ್ದಾರೆ. ನಾನು ಕಿರುಚಿದ ಕಿರುಚಿಗೆ ಅಕ್ಕನ ಕೈಯಿಂದ ಪೆಟ್ಟಿಗೆ ಬಿತ್ತು. ಗುಂಡಿ ಬಂದ್ ಮಾಡಿ, ಕಿಟಕಿ ತೆಗೆದು, ಬಿದ್ದ ಪೆಟ್ಟಿಗೆಯನ್ನು ಎತ್ತಿ ಹೊರಗಿಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ, ನಾನು ರಬಾಳೆಯ ಆಫೀಸಿನಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು. ಉಲ್ಹಾಸನಗರದ ಒಬ್ಬ ಮೊಬೈಲ್ ಅಂಗಡಿಯವನು, ಸಿಂಧಿ. "ಮ್ಯಾಡಮ್, ಆಪಕೇ ಅಂಕಲ್ ಇಧರ್ ಹೈ. ಅಂದರ್ ಜಾನೇ ಕೋ ಮಾಂಗ್ತಾ ಹೈ." ನಿಮ್ಮ ಅಂಕಲ್ ಇಲ್ಲಿದ್ದಾರೆ, ಒಳಗೆ ಹೋಗಬೇಕು ಅಂತಾರೆ ಎಂದು. ಅಣ್ಣನ ಹೋಟೆಲಿದ್ದ ಜಾಗದಲ್ಲಿ ಈಗ ಅವನ ಅಂಗಡಿ. ಅಣ್ಣನ ಫೋನಿನಲ್ಲಿ ಕೊನೆಗೆ ಮಾತಾಡಿದ್ದು ನನ್ನ ನಂಬರಿನ ಜೊತೆ, ಅದಕ್ಕೇ ನನಗೆ ಮಾಡಿದ್ದ. ರಬಾಳೆಯಿಂದ ಥಾಣೆ, ಥಾಣೆಯಲ್ಲಿ ಬದಲಿಸಿ ಅಂಬರನಾಥ ಲೋಕಲ್. ಮಧ್ಯಾಹ್ನದ ಖಾಲಿ ಡಬ್ಬಿಯಲ್ಲಿ ಸೀಟು ಸಿಕ್ಕಿದರೂ ಕೂರಲಾಗದೆ ಬಾಗಿಲಿನ ಕಂಬ ಹಿಡಿದು ನಿಂತೆ. ಅವರು ನನ್ನನ್ನು ಗುರುತು ಹಿಡಿಯದಿದ್ದರೆ? ಅದೊಂದೇ ತಲೆಯಲ್ಲಿ. ದೇವರೇ, ಇನ್ನೊಂದು ಸಲ ಬೇಡ, ಇನ್ನೊಬ್ಬರ ಬಾಯಲ್ಲಿ ಯಾರು ನೀವು ಅಂತ ಕೇಳಿಸಬೇಡ, ಎಂದು ಬೇಡಿಕೊಂಡೆ.

ಅಂಗಡಿಯ ಸ್ಟೂಲಿನ ಮೇಲೆ ಅಣ್ಣ ಕೂತಿದ್ದರು. ಅವರು ಕೂತದ್ದನ್ನು ಕಂಡೇ ನನಗೆ ಅಳು ಬಂತು. ತುಟಿ ಒಣಗಿ ಬಿರಿದಿತ್ತು. ಅಂಗಡಿಯವನು ಎರಡು ಬಾಟಲಿ ನೀರು ಕೊಟ್ಟಿದ್ದನಂತೆ, ಒಳ್ಳೆ ಮನುಷ್ಯ. ನನ್ನನ್ನು ನೋಡಿ ಬಹಳ ಹೊತ್ತು ಯೋಚಿಸಿ, "ಸುಮತೀ, ಇವರು ನನ್ನನ್ನು ಹಿಂದೆ ಬಿಡುವುದಿಲ್ಲ. ಅಲ್ಲಿ ಹಿಟ್ಟು ಹುಳಿ ಬರ್ತದೆ" ಎಂದರು. ನನ್ನ ಹೆಸರು ಹೇಳಿದರಲ್ಲ, ಅಷ್ಟೇ ಸಾಕಾಯಿತು ನನಗೆ. ಕೈ ಹಿಡಿದು ಎಬ್ಬಿಸಿದೆ.

ಐರೋಳಿಯ ಮಗಳು ಓಡಿಬಂದಳು. ಇಲ್ಲಿಯೇ ಹುಟ್ಟಿದವಳು, ಕನ್ನಡ ತುಳು ಎಲ್ಲ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. "ಆಂಟಿ, ಮಮ್ಮಿ ಅಕೇಲೀ ಕೈಸೇ ಸಂಭಾಲೇಗೀ? ಗ್ಯಾಸ್ ಖುಲಾ ಛೋಡ್ ದಿಯಾ ತೋ?" ಅಮ್ಮ ಒಬ್ಬಳೇ ಹೇಗೆ ನಿಭಾಯಿಸುವುದು, ಮತ್ತೆ ಗ್ಯಾಸು ತೆರೆದಿಟ್ಟುಬಿಟ್ಟರೆ ಎಂದು ಅವಳ ಚಿಂತೆ. ಬದಲಾಪುರದ ಕಡೆ ಮರೆವಿನವರನ್ನು ಇಟ್ಟುಕೊಳ್ಳುವ ಒಂದು ಮನೆ ಉಂಟಂತೆ, ವಿಚಾರಿಸಿದ್ದಾಳೆ. ಪಾಪ, ಅವಳದೇನೂ ತಪ್ಪಿರಲಿಲ್ಲ, ಅವಳೂ ಹೆದರಿದ್ದಳು. ಅಕ್ಕ ಮಾತ್ರ ಗೋಡೆ ನೋಡಿಕೊಂಡು ತುಳುವಿನಲ್ಲಿ ಒಂದೇ ಮಾತು ಹೇಳಿದರು, ಕಳಿಸುವುದಾದರೆ ನನ್ನನ್ನೂ ಕಳಿಸಿ ಎಂದು. ಮುಂದಿನ ಸೋಮವಾರ ಆ ಮನೆ ನೋಡಲು ಹೋಗುವುದೆಂದು ನಿಶ್ಚಯವಾಯಿತು.

ಅದರ ಮೊದಲೇ ಅಣ್ಣನಿಗೆ ವಾಂತಿ ಹಿಡಿಯಿತು. ಕುಡಿದ ನೀರೂ ನಿಲ್ಲದು. ಹತ್ತಿರದ ಆಸ್ಪತ್ರೆಗೆ ಸೇರಿಸಿದೆವು. ಅಲ್ಲೊಬ್ಬರು ವಯಸ್ಸಾದ ಲೇಡಿ ಡಾಕ್ಟರು. ಮರೆವು ಯಾವಾಗಿಂದ ಎಂದು ಕೇಳಿದರು, ಬಾಯಾರಿಕೆ ಯಾವಾಗಿಂದ ಎಂದು ಕೇಳಿದರು, ಎರಡೂ ಒಟ್ಟಿಗೇ ಎಂದಾಗ ಪೆನ್ನು ಕೆಳಗಿಟ್ಟರು. ರಕ್ತ ಹೋಯಿತು, ಸಂಜೆಗೆ ವಾಪಸು ಬಂತು. ಕ್ಯಾಲ್ಸಿಯಮ್ ಮೇಲೆ ಹೋಗಿದೆ, ಕಿಡ್ನಿಗೂ ಪೆಟ್ಟು ಬೀಳುತ್ತಿದೆ.

"ಏನೇನು ಔಷಧ ತಗೊಳ್ತಾರೆ?"

"ಬಿಪಿಯ ಮಾತ್ರೆ ಒಂದೇ" ಎಂದರು ಅಕ್ಕ.

"ಸರಿಯಾಗಿ ಯೋಚಿಸಿ ಹೇಳಿ. ಟಾನಿಕ್, ಚೂರ್ಣ, ಇಂಜೆಕ್ಷನ್?"

"ಇಲ್ಲವೇ ಇಲ್ಲ. ಮದ್ದು ಅಂದ್ರೆ ಇವರಿಗೆ ಆಗುವುದಿಲ್ಲ."

ಡಾಕ್ಟರು ಎದ್ದು ಹೊರಟರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿ, ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ, "ಎರಡು ದಿನದಿಂದ ಬಿಸಿಲಿನ ಪುಡಿಯೂ ಹೊಟ್ಟೆಯಲ್ಲಿ ನಿಲ್ತಾ ಇಲ್ಲ" ಎಂದರು.

ನಾನು ಎದ್ದು ನಿಂತೆ. "ಅಕ್ಕಾ, ಎರಡು ದಿನದಿಂದ ಅಂದ್ರೆ? ದಿನಾ ಕೊಡ್ತೀರಾ ಅದನ್ನು?"

"ನಾನೆಲ್ಲಿ ಕೊಡುವುದು? ಅವರೇ ಹಾಕಿಕೊಳ್ತಾರೆ, ಬೆಳಿಗ್ಗೆ ಹಾಲಿಗೆ. ಅದು ಮದ್ದಲ್ಲ ಅಲ್ವಾ, ಬಿಸಿಲಿನ ಪುಡಿ."

ಡಾಕ್ಟರನ್ನು ಲಿಫ್ಟಿನ ಬಾಗಿಲಲ್ಲಿ ಹಿಡಿದೆ. ಎಂದೂ ಲಿಫ್ಟು ಹತ್ತದವಳು ಮಾತಾಡುತ್ತ ಮಾತಾಡುತ್ತ ಅವರ ಜೊತೆ ಒಳಗೆ ಹೋದದ್ದೂ ಗೊತ್ತಾಗಲಿಲ್ಲ. ಅವರು ಕೇಳಿಸಿಕೊಂಡು ಹಣೆ ಚಚ್ಚಿಕೊಂಡರು. ವಾರಕ್ಕೊಂದು ತಗೊಳ್ಳಬೇಕಾದ್ದನ್ನು ತಿಂಗಳುಗಟ್ಟಲೆ ದಿನಕ್ಕೊಂದು! ಅದು ಮೈಯಿಂದ ಹೊರಗೆ ಹೋಗುವುದಿಲ್ಲ, ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಮ್ ಏರುತ್ತದೆ, ಏರಿದರೆ ತಲೆಗೆ ಮಂಕು ಕವಿಯುತ್ತದೆ. ಡಿ ಕಡಿಮೆಯಿದ್ದವರಲ್ಲಿ ಮರೆವು ಹೆಚ್ಚು ಕಾಣುವುದು ನಿಜ, ಮೆದುಳಿಗೂ ಅದು ಬೇಕು ನಿಜ, ಆದರೆ ಇದ್ದವರಿಗೆ ಇನ್ನಷ್ಟು ಸುರಿದರೆ ಬುದ್ಧಿ ಚುರುಕಾಗುತ್ತದೆ ಅಂತ ಯಾರೂ ಸಿದ್ಧ ಮಾಡಿಲ್ಲ ಎಂದರು. ನನಗೆ ಅದೆಲ್ಲ ಬೇಡವಾಗಿತ್ತು. "ವಾಪಸು ಬರ್ತಾರಾ ಡಾಕ್ಟರ್?" ಎಂದು ಕೇಳಿದೆ. "ಕಿಡ್ನಿ ಸಹಕರಿಸಿದರೆ ಬರ್ತಾರೆ. ನಿಧಾನಕ್ಕೆ" ಎಂದರು.

ಸಲೈನು ಇಳಿಯಿತು, ಪುಡಿ ನಿಂತಿತು, ಹಾಲು ಮೊಸರೂ ಬಂದ್. ವಾರಗಟ್ಟಲೆ ಹಿಡಿಯಿತು. ಒಂದು ಬೆಳಿಗ್ಗೆ ನಾನು ಆಸ್ಪತ್ರೆಗೆ ಹೋದಾಗ ಅಣ್ಣ ಮಂಚದ ಪಕ್ಕದ ಸ್ಟೀಲಿನ ಟೇಬಲನ್ನು ಅಂಗೈಯಿಂದ ಒರೆಸುತ್ತಿದ್ದರು. ನಾನು ತಂದ ಗಂಜಿಯ ಒಂದು ಹನಿಯನ್ನು ಮುಂಗೈಗೆ ಬಿಟ್ಟುಕೊಂಡು ನೆಕ್ಕಿ, "ಇದನ್ನು ಮಾಡಿದ್ದು ಯಾರು? ಕಂಪ್ಲೇಂಟ್ ಕೊಡ್ಬೇಕು" ಎಂದರು. ಮಾಡಿದ್ದು ನಾನು. ಅಷ್ಟು ಸಂತೋಷದಿಂದ ನಾನು ಯಾವ ಬೈಗುಳವನ್ನೂ ಕೇಳಿಲ್ಲ. ಬದಲಾಪುರದ ಮಾತು ಅಲ್ಲಿಗೇ ಬಿದ್ದುಹೋಯಿತು, ಅಕ್ಕ ಎಲ್ಲ ದೇವರಿಗೂ ತೆಂಗಿನಕಾಯಿ ಒಡೆದರು.

ಮನೆಗೆ ಬಂದ ಮೇಲೆ ನಾನು ವಿಚಾರಣೆಗೆ ಕೂತೆ. ಕೋಪ ಬರಬೇಡವೇ?

"ಅಲ್ಲ ಅಣ್ಣ, ವಾರಕ್ಕೊಂದು ಅಂತ ಡಾಕ್ಟರು ಅಷ್ಟು ಸ್ಪಷ್ಟ ಹೇಳಿದ್ದಾರೆ. ನಿಮಗೆ ಎಂತ ಆಗಿತ್ತು?"

"ನೀನೇ ಹೇಳು. ವಾರದ ಉಪ್ಪನ್ನೆಲ್ಲ ಸೋಮವಾರದ ಸಾಂಬಾರಿಗೆ ಹಾಕಿ, ಮಂಗಳವಾರದಿಂದ ಸಪ್ಪೆ ಬಡಿಸ್ಲಿಕ್ಕೆ ಆಗ್ತದಾ? ನಮ್ಮ ಹೋಟೆಲಿನಲ್ಲಿ ನಿನ್ನೆಯದ್ದು ಇವತ್ತು ಇಡುವ ಪದ್ಧತಿ ಇಲ್ಲ. ಬಿಸಿಲು ವಾರಕ್ಕೊಮ್ಮೆ ಬರ್ತದಾ? ದಿನಾ ಬರ್ತದೆ. ಹಾಗಾದ್ರೆ ಪುಡಿಯೂ ದಿನಾ ಬೇಕಲ್ಲ."

"ಅಷ್ಟು ಪುಡಿ ಕೊಟ್ಟವನು ಯಾರು? ಚೀಟಿ ಕೇಳ್ಲಿಲ್ವಾ?"

"ಸ್ಟೇಷನ್ ಹತ್ತಿರದ ಮೆಡಿಕಲ್ಲಿನವನು. ಕಾಲೇಜಿಗೆ ಹೋಗುವಾಗ ನಮ್ಮ ಹೋಟೆಲಿನಲ್ಲಿ ಉಪ್ಪಿಟ್ಟು ತಿಂದು ಬೆಳೆದವನು. ನನ್ನ ಹತ್ತಿರ ಚೀಟಿ ಕೇಳ್ತಾನಾ ಅವನು?" ಎಂದು ಹೆಮ್ಮೆಯಿಂದ ಹೇಳಿ, ದನಿ ತಗ್ಗಿಸಿ, "ನಿನ್ನ ಅಮ್ಮನ ಹಾಗೆ ಆಗುವುದು ಬೇಡ ಅಂತ ಮಾಡಿದ್ದು ಸುಮತೀ. ತಿಂದಷ್ಟೂ ಮಂಕು ಹೆಚ್ಚಾಯ್ತು. ಮಂಕು ಹೆಚ್ಚಾಯ್ತು ಅಂತ ಇನ್ನೂ ತಪ್ಪಿಸದೆ ತಿಂದೆ" ಎಂದರು.

ಆಗ ನನಗೆ ಥಟ್ಟನೆ ಹೊಳೆಯಿತು. "ಅಣ್ಣ, ನನ್ನ ಬಾದಾಮಿ ಹಾಲಿಗೆ?"

ಅಣ್ಣ ಕಿಟಕಿಯ ಹೊರಗೆ ನೋಡಿದರು.

"ಅಣ್ಣಾ!"

"ನಿನಗೆ ಭಾನುವಾರ ಮಾತ್ರ. ನೀನೂ ಬೆಳಗಿಂದ ಸಂಜೆವರೆಗೆ ಆಫೀಸಿನ ಟ್ಯೂಬ್‌ಲೈಟಿನಲ್ಲೇ ಕೂರುವವಳಲ್ವಾ? ಹೇಳಿದ್ರೆ ಹೆದರ್ತಿ ಅಂತ ಹೇಳ್ಲಿಲ್ಲ."

ಹೆದರಿ ಸತ್ತೆ. ಮರುದಿನ ಆಫೀಸಿಗೆ ರಜೆ ಹಾಕಿ ರಕ್ತ ಕೊಟ್ಟುಬಂದೆ. ಸಂಜೆವರೆಗೆ ಅನ್ನ ಸೇರಲಿಲ್ಲ, ನೀರು ಕುಡಿಯಬೇಕೆನಿಸಿದರೆ ಅಯ್ಯೋ ಬಾಯಾರಿಕೆ ಶುರುವಾಯಿತು ಎಂದು ಕೂಗಿಕೊಳ್ಳುವಂತಾಗುತ್ತಿತ್ತು. ಲೇಡಿ ಡಾಕ್ಟರು ನನ್ನ ರಿಪೋರ್ಟು ನೋಡಿ, ಬಹಳ ಚೆನ್ನಾಗಿದೆ, ಇಷ್ಟು ಸರಿಯಾಗಿ ವಾರಕ್ಕೊಂದು ತಗೊಳ್ಳುವವರು ಅಪರೂಪ ಎಂದು ಹೊಗಳಿದರು. ಅಣ್ಣನಿಗೆ ಹೇಳಿದರೆ ಹೊಟ್ಟೆ ಕುಣಿಸಿ ಕುಣಿಸಿ ನಕ್ಕರು.

ಎರಡು ವರ್ಷ ಚೆನ್ನಾಗಿದ್ದರು. ಗಣಪತಿ ಹಬ್ಬಕ್ಕೆ ಸೊಸೈಟಿಗೆಲ್ಲ ಉಂಡ್ಲುಕದ ತಿಂಡಿ ಮಾಡಿ ಬಡಿಸಿದರು. ಸೆಕ್ರೆಟರಿ ತಾನಾಗಿಯೇ ಟೆರೇಸಿನ ಬೀಗದ ಕೈ ತಂದುಕೊಟ್ಟ. ಅಣ್ಣ ಅಂಗಿ ಹಾಕಿಕೊಂಡೇ ಸ್ವಲ್ಪ ಹೊತ್ತು ಬಿಸಿಲಿಗೆ ನಿಂತು ಬರುತ್ತಿದ್ದರು.

ಆಮೇಲೆ ಮತ್ತೆ ಶುರುವಾಯಿತು. ಮೊದಲು ಚಿಕ್ಕಚಿಕ್ಕದು. ಕೇಳಿದ್ದನ್ನೇ ಕೇಳುವುದು. ಚಹಾ ಕುಡಿದು ಲೋಟ ಇಡುತ್ತಲೇ ಚಹಾ ಆಯ್ತಾ ಎನ್ನುವುದು. ಒಂದು ದಿನ ನಾನು ಆಫೀಸಿನಿಂದ ಬಂದಾಗ ಅಣ್ಣ ಮೆಟ್ಟಿಲ ಮೇಲೆ ನಮ್ಮಿಬ್ಬರ ಬಾಗಿಲುಗಳ ನಡುವೆ ನಿಂತು, ಒಂದು ಸಲ ಈ ಬಾಗಿಲು ಒಂದು ಸಲ ಆ ಬಾಗಿಲು ನೋಡುತ್ತಿದ್ದರು. ಯಾವುದಕ್ಕೆ ಕೈ ಹಾಕಬೇಕೆಂದು ಗೊತ್ತಾಗುತ್ತಿರಲಿಲ್ಲ.

ಅಕ್ಕ ಈ ಸಲ ಎದೆಗುಂದಲಿಲ್ಲ. "ಪುಡಿಯೇ! ಎಲ್ಲೋ ಕದ್ದು ತಿಂತಾ ಇದ್ದಾರೆ" ಎಂದರು. ಇಬ್ಬರೂ ಸೇರಿ ಮನೆ ಜಾಲಾಡಿದೆವು. ಅಕ್ಕಿ ಡಬ್ಬ, ಹಾಸಿಗೆಯ ಅಡಿ, ದೇವರ ಮಂಟಪದ ಹಿಂದೆ. ಹುಡುಕುವಾಗ ನಮಗೊಂದು ಉತ್ಸಾಹವೇ ಇತ್ತು. ಸಿಗಲಿಲ್ಲ. ಮೆಡಿಕಲ್ಲಿನವನನ್ನು ಹೋಗಿ ಗದರಿಸಿದೆ. ಅವನು ಕಿವಿ ಹಿಡಿದುಕೊಂಡು, "ಮಾ ಕಸಮ್, ಆವತ್ತಿನಿಂದ ಒಂದು ಪೊಟ್ಟಣ ಕೊಟ್ಟಿಲ್ಲ" ಎಂದ. ಬೇರೆ ಅಂಗಡಿ ಇರಬೇಕು ಎಂದುಕೊಂಡೆವು.

ಅದೇ ಆಸ್ಪತ್ರೆ, ಅದೇ ಲೇಡಿ ಡಾಕ್ಟರು. ರಕ್ತ ಕೊಟ್ಟು ಹೊರಗಿನ ಬೆಂಚಿನಲ್ಲಿ ಮೂವರೂ ಕಾದೆವು. ಸುತ್ತ ಕೂತವರೆಲ್ಲ ಒಳ್ಳೆಯದು ಬರಲಿ ಎಂದು ಬೇಡಿಕೊಳ್ಳುತ್ತಿದ್ದರು. ಅಕ್ಕ ನನ್ನ ಕೈಯನ್ನು ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದು, "ಜಾಸ್ತಿ ಬರ್ಲಿ ದೇವರೇ. ಜಾಸ್ತಿ ಬರ್ಲಿ. ಹೋದ ಸಲಕ್ಕಿಂತ ಜಾಸ್ತಿ ಬರ್ಲಿ" ಎಂದು ಒಂದೇ ಸಮನೆ ಹೇಳುತ್ತಿದ್ದರು. ನಾನೂ ಅದನ್ನೇ ಬೇಡಿದೆ, ಪುಡಿಯದ್ದಾದರೆ ಹೋದ ಸಲದ ಹಾಗೆ ವಾಪಸು ಬರುತ್ತಾರಲ್ಲ. ಜನ್ಮದಲ್ಲಿ ಯಾವ ಕೆಟ್ಟ ಸುದ್ದಿಗೂ ನಾನು ಹಾಗೆ ಕೈ ಮುಗಿದಿಲ್ಲ.

ಒಳಗೆ ಕರೆದರು. ಡಾಕ್ಟರು ಕಾಗದವನ್ನು ಎರಡು ಸಲ ನೋಡಿದರು. ಕ್ಯಾಲ್ಸಿಯಮ್ ಸರಿಯಿದೆ, ಡಿ ಸರಿಯಿದೆ, ಕಿಡ್ನಿ ಸರಿಯಿದೆ. ಎಲ್ಲ ನಾರ್ಮಲ್. ಅಷ್ಟು ಹೇಳಿ ಕನ್ನಡಕ ತೆಗೆದಿಟ್ಟರು. ಅಕ್ಕನ ಬಾಯಿಂದ ಸಣ್ಣ ಶಬ್ದವೊಂದು ಬಂತು.

ಅಣ್ಣನಿಗೆ ಆ ಒಂದು ಮಾತು ತಿಳಿಯಿತು. "ನಾರ್ಮಲ್ಲಾ? ಎಲ್ಲ ನಾರ್ಮಲ್ಲಾ?" ಎಂದು ಮುಖ ಅರಳಿಸಿ, ಡಾಕ್ಟರಿಗೆ ಎರಡೂ ಕೈ ಎತ್ತಿ ಮುಗಿದರು. ಹೊರಗೆ ಬರುವಾಗ ನನ್ನ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಅಣ್ಣ ಅದನ್ನು ನೋಡಿದರು, ನಿಂತರು, ನನ್ನ ಭುಜ ತಟ್ಟಿದರು.

"ನಿಮ್ಮದೂ ಒಳ್ಳೆಯದೇ ಬರ್ತದೆ ಅಮ್ಮಾ, ಹೆದರ್ಬೇಡಿ" ಎಂದರು. "ನಿಮ್ಮ ಜೊತೆ ಯಾರೂ ಬರ್ಲಿಲ್ವಾ?"